ಜನಸಾಗರದ ಮೇಲಣ ಆಕಾಶ

ಪುಷ್ಯ ಮಾಸದ ಬಹುಳ ಬಿದಿಗೆಯ ಸಂಜೆ ಕೊಪ್ಪಳದ ಗವಿಮಠದ ಬಯಲಿನಲ್ಲಿ ಗವಿಸಿದ್ಧೇಶ್ವರನ ಮಹಾರಥವು ಭಕ್ತರು ಎಳೆಯುವ ಮಿಣಿಯ ಹಿಂದೆ ಮೆಲ್ಲಮೆಲ್ಲನೆ ಸಾಗುತ್ತಿರುವಾಗ, ಸುತ್ತಲೂ ಕಣ್ಣು ಹರಿಯುವಷ್ಟು ದೂರ ಕಿಕ್ಕಿರಿದ ಜನಸ್ತೋಮವು ತೇರಿನತ್ತ ಉತ್ತತ್ತಿಯನ್ನು ಎಸೆದು ಜಯಘೋಷ ಮಾಡುವ ದೃಶ್ಯವನ್ನು ಬಾನಿನಿಂದ ನೋಡಿದಂತೆ ತೋರಿಸುವ ಚಿತ್ರಗಳು ಈಗ ವರ್ಷವರ್ಷವೂ ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ, ಅಂಗೈಯ ಮೊಬೈಲಿನಲ್ಲಿ ನಮ್ಮ ಕಣ್ಣಿಗೆ ಬೀಳುತ್ತವೆ. ಹಿಂದೆ ಜಾತ್ರೆಯ ಸಮಗ್ರ ಸ್ವರೂಪವನ್ನು ಒಂದೇ ನೋಟದಲ್ಲಿ ಕಾಣಬೇಕೆಂದವನು ಪಕ್ಕದ ಗುಡ್ಡವನ್ನೋ ಯಾರದಾದರೂ ಮಾಳಿಗೆಯನ್ನೋ ಏರಬೇಕಾಗಿತ್ತು. ಏರಿದರೂ ಅವನಿಗೆ ಒಂದು ಪಾರ್ಶ್ವ ಮಾತ್ರ ಗೋಚರಿಸುತ್ತಿತ್ತು. ಇಂದು ಒಂದು ಕೈಚೀಲದಲ್ಲಿ ಹಿಡಿಯುವ ಯಂತ್ರವು ಆ ದರ್ಶನವನ್ನು ಕಾಲು ಸಾಗದ ಮುದುಕರಿಗೂ, ಪರದೇಶದಲ್ಲಿ ನೆಲೆಸಿದ ಮಕ್ಕಳಿಗೂ ತಂದುಕೊಟ್ಟಿದೆ. ಈ ಉಪಕಾರವನ್ನು ಅಲ್ಲಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ.

ಆದರೆ ಆ ಚಿತ್ರವನ್ನು ನೋಡುವವರು ಸಾಮಾನ್ಯವಾಗಿ ಆಲೋಚಿಸದ ಸಂಗತಿಯೊಂದುಂಟು. ಚಿತ್ರ ಎಷ್ಟು ಮನೋಹರವೋ ಅಷ್ಟೇ ಜನ ಅದರ ಕೆಳಗಿದ್ದಾರೆ. ಅವರಲ್ಲಿ ಒಬ್ಬರೂ ತಮ್ಮ ತಲೆಯ ಮೇಲೆ ಯಂತ್ರ ಹಾರಲೆಂದು ಒಪ್ಪಿಗೆಯಿತ್ತವರಲ್ಲ. ಯಂತ್ರ ಕೆಳಗೆ ಬಿದ್ದರೆ ಸರಿದು ನಿಲ್ಲುವುದಕ್ಕೆ ಅವರಿಗೆ ಒಂದು ಅಡಿಯ ತೆರಪೂ ಇಲ್ಲ. ದೊಡ್ಡ ಜನಸಮ್ಮರ್ದ ನೆರೆಯುವಲ್ಲಿ ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಮಟ್ಟಿಗೆ ಡ್ರೋನ್ ಹಾರಾಟವನ್ನು ತಡೆಯುವ ನಿಯಮಗಳು ಇಂದು ನಾನಾ ದೇಶಗಳಲ್ಲಿ ಜಾರಿಗೆ ಬಂದಿರುವುದು ಈ ಕಾರಣದಿಂದ. ನಮ್ಮಲ್ಲಿಯೂ ಅಂಥ ನಿಯಮವಿದೆ. ಅದನ್ನು ಕುರಿತು ತಿಳಿದವರು ಕಡಿಮೆ. ತಿಳಿಯಬೇಕಾದವರು, ಜಾತ್ರೆ ಉತ್ಸವಗಳನ್ನು ನಡೆಸುವವರು, ಮದುವೆ ಮೆರವಣಿಗೆಗಳ ಚಿತ್ರ ತೆಗೆಯುವವರು, ಹುಮ್ಮಸ್ಸಿಗೆಂದು ಡ್ರೋನ್ ಕೊಂಡ ತರುಣರು, ಬಹುಮಂದಿ.

ಮೊದಲು ಯಂತ್ರದ ಪ್ರಕೃತಿಯನ್ನೇ ಸ್ವಲ್ಪ ಗಮನಿಸೋಣ. ವಿಮಾನಕ್ಕೆ ಚಾಚಿದ ರೆಕ್ಕೆಗಳಿವೆ. ಎಂಜಿನ್ ನಿಂತರೂ ಅದು ಒಂದಷ್ಟು ದೂರ ಗಾಳಿಯಲ್ಲಿ ತೇಲಿಕೊಂಡು ಇಳಿಯಬಲ್ಲದು. ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ಡ್ರೋನು ನಾಲ್ಕು ಮೋಟಾರುಗಳ ತಿರುಗುವಿಕೆಯ ಬಲದಿಂದಲೇ ನಿಂತಿರುವಂಥದು. ಅವುಗಳಲ್ಲಿ ಒಂದು ಸ್ತಬ್ಧವಾದರೂ ಸಮತೋಲ ಕೆಟ್ಟು, ಉಳಿದ ಮೂರೂ ಅದನ್ನು ಮಗುಚುವುದರಲ್ಲಿ ನೆರವಾಗಿ, ಅದು ನೆಲಕ್ಕೆ ಬೀಳುವುದು. 60 ಮೀಟರ್ ಎತ್ತರದಿಂದ ಬೀಳುವ ವಸ್ತುವಿಗೆ ನೆಲ ಮುಟ್ಟಲು ಬೇಕಾದ ಕಾಲ ಮೂರೂವರೆ ಸೆಕೆಂಡು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಹೊತ್ತಿಗೆ ಅದರ ವೇಗ ಗಂಟೆಗೆ 120 ಕಿಲೋಮೀಟರನ್ನು ಮೀರಿರುತ್ತದೆ. ಗಾಳಿ ಆ ವೇಗವನ್ನು ಸಾಕಷ್ಟು ಕುಗ್ಗಿಸುವುದು ನಿಜವಾದರೂ, ಒಂದು ಕಿಲೋ ತೂಕದ ಗಡುಸು ವಸ್ತು, ಒಡಲಲ್ಲಿ ಬೆಂಕಿ ಹತ್ತಬಲ್ಲ ಲಿಥಿಯಂ ಬ್ಯಾಟರಿಯನ್ನು ಇಟ್ಟುಕೊಂಡು, ತಲೆಯೆತ್ತಿ ತೇರಿನ ಕಳಸವನ್ನು ನೋಡುತ್ತಿರುವ ಒಂದು ಮಗುವಿನ ಮೇಲೆ ಬಿದ್ದರೆ ಆಗುವ ಅನಾಹುತವನ್ನು ಊಹಿಸಲು ಗಣಿತದ ಪಾಂಡಿತ್ಯ ಬೇಕಾಗಿಲ್ಲ.

ಜನಸಂದಣಿಯೇ ಡ್ರೋನಿನ ಸ್ಥೈರ್ಯವನ್ನು ಕೆಡಿಸುವ ಕಾರಣಗಳಲ್ಲಿ ಒಂದೆಂಬ ಸಂಗತಿ ಇನ್ನೂ ಕುತೂಹಲಕರವಾದುದು. ಹಾರಿಸುವವನ ಕೈಯಲ್ಲಿರುವ ರಿಮೋಟಿಗೂ ಬಾನಿನ ಯಂತ್ರಕ್ಕೂ ನಡುವೆ ನಡೆಯುವ ಸಂವಾದ ಬಹುಪಾಲು 2.4 ಮತ್ತು 5.8 ಗಿಗಾಹರ್ಟ್ಸ್ ತರಂಗಪಟ್ಟಿಗಳಲ್ಲಿ ನಡೆಯುವುದು. ವೈಫೈ ಬಳಸುವುದೂ ಬಹುಮಟ್ಟಿಗೆ ಈ ಪಟ್ಟಿಗಳನ್ನೇ, ಬ್ಲೂಟೂತ್ ಬಳಸುವುದು ಇವುಗಳಲ್ಲಿ ಮೊದಲನೆಯದನ್ನು. ಬೆಳಗಿನ ಜಾವ ನಿರ್ಜನವಾದ ಬಯಲಿನಲ್ಲಿ ಹಾರಿಸಿ ನೋಡಿ, ಎಲ್ಲವೂ ಸರಿಯಾಗಿದೆಯೆಂದು ತೃಪ್ತಿಪಟ್ಟವನು ಸಂಜೆ ಅದೇ ಬಯಲಿನಲ್ಲಿ ಸಾವಿರಾರು ಮೊಬೈಲುಗಳು ಏಕಕಾಲದಲ್ಲಿ ಮಾತನಾಡತೊಡಗಿದಾಗ ತನ್ನ ಪರದೆಯ ಮೇಲಿನ ಚಿತ್ರ ತಡವರಿಸುವುದನ್ನು ಕಂಡು ಗಾಬರಿಯಾಗುತ್ತಾನೆ. ಸಂಪರ್ಕ ಕಡಿದುಹೋದರೆ ಯಂತ್ರವು ತಾನು ಹೊರಟ ಸ್ಥಳಕ್ಕೆ ತಾನಾಗಿ ಮರಳುವಂಥ ಏರ್ಪಾಡು ಅನೇಕ ಡ್ರೋನುಗಳಲ್ಲಿದೆ. ಆದರೆ ಆ ಮರಳುವ ದಾರಿಯಲ್ಲಿ ತೇರಿನ ಗಡ್ಡೆಯಿದೆಯೇ, ವಿದ್ಯುದ್ದೀಪಗಳ ಸರವಿದೆಯೇ, ರಸ್ತೆಗೆ ಅಡ್ಡಲಾಗಿ ಕಟ್ಟಿದ ತಂತಿಯಿದೆಯೇ ಎಂಬುದನ್ನು ಎಲ್ಲ ಯಂತ್ರಗಳೂ ಕಾಣಲಾರವು. ನಮ್ಮ ರಥೋತ್ಸವಗಳಲ್ಲಂತೂ ಭಕ್ತಿಯೇ ಆಕಾಶವನ್ನು ತುಂಬಿರುತ್ತದೆ. ದವನ ಸಿಕ್ಕಿಸಿದ ಬಾಳೆಹಣ್ಣುಗಳು ಒಂದೂರಿನಲ್ಲಿ, ಉತ್ತತ್ತಿ ಇನ್ನೊಂದೂರಿನಲ್ಲಿ, ನೂರಾರು ಕೈಗಳಿಂದ ಚಿಮ್ಮಿ ಕಳಸದವರೆಗೆ ಏರುತ್ತವೆ. ಒಳ್ಳೆಯ ಚಿತ್ರದ ಆಸೆಯಿಂದ ತೇರಿನ ಮಗ್ಗುಲಿಗೆ ಯಂತ್ರವನ್ನು ಇಳಿಸಿದವನ ಡ್ರೋನಿನ ತೆಳ್ಳನೆಯ ಪ್ಲಾಸ್ಟಿಕ್ ರೆಕ್ಕೆಗೆ ತಾಗಲು ಅವುಗಳಲ್ಲಿ ಒಂದು ಸಾಕು.

ಒಬ್ಬಿಬ್ಬರಿಗೆ ಗಾಯವಾಗುವ ಅಪಾಯಕ್ಕಿಂತ ದೊಡ್ಡ ಭಯವೊಂದಿದೆ. ಅದು ಗುಂಪಿನ ಭಯ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿಗೆ ಸಿಲುಕಿ 11 ಮಂದಿ ಅಸುನೀಗಿದರು. ಆ ದುರಂತಕ್ಕೂ ಡ್ರೋನಿಗೂ ಯಾವ ಸಂಬಂಧವೂ ಇರಲಿಲ್ಲ; ಆದರೆ ಒತ್ತೊತ್ತಾಗಿ ನಿಂತ ಜನ ಒಮ್ಮೆ ಒಂದೆಡೆಗೆ ವಾಲತೊಡಗಿದರೆ ಅದನ್ನು ತಡೆಯುವ ಶಕ್ತಿ ಒಳಗಿರುವ ಯಾರಿಗೂ ಇರದೆಂಬ ಕಠೋರ ಸತ್ಯವನ್ನು ಅದು ನಮ್ಮೂರಿನ ನಡುವೆಯೇ ತೋರಿಸಿಕೊಟ್ಟಿತು. ಬಾನಿನಿಂದ ಏನೋ ಬಿತ್ತೆಂಬ ಕೂಗು, ಅದು ಬಾಂಬೆಂಬ ಒಂದು ಪುಕಾರು, ಹಿಂದೆ ಸರಿಯಲು ಹವಣಿಸುವ ಮುಂದಿನ ಸಾಲು, ಏನಾಯಿತೆಂದು ನೋಡಲು ಮುನ್ನುಗ್ಗುವ ಹಿಂದಿನ ಸಾಲು: ಇಷ್ಟಾದರೆ ಬಿದ್ದ ಯಂತ್ರದ ತೂಕ ಇನ್ನೂರು ಗ್ರಾಮೋ ಎರಡು ಕಿಲೋವೋ ಎಂಬ ಪ್ರಶ್ನೆ ಅಪ್ರಸ್ತುತವಾಗುವುದು.

ಮೈಸೂರಿನ ದಸರೆಯಲ್ಲಿ ಈ ಚಿಂತೆಗೆ ಇನ್ನೊಂದು ಮುಖವುಂಟು. ಜಂಬೂಸವಾರಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ, ಅದರ ಹಿಂದೆಮುಂದೆ ಇತರ ಆನೆಗಳು, ಅಶ್ವದಳ, ವಾದ್ಯ, ಸ್ತಬ್ಧಚಿತ್ರಗಳು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ಜನರ ಎರಡು ಗೋಡೆಗಳ ನಡುವೆ ಸಾಗಬೇಕು. ಆನೆಗಳು ಬೆದರಬಾರದೆಂದು ವಾರಗಳ ಮುಂಚೆಯೇ ಅವುಗಳ ಸಮೀಪದಲ್ಲಿ ಕುಶಾಲತೋಪು ಹಾರಿಸಿ ಅವುಗಳ ಕಿವಿಯನ್ನು ಸದ್ದಿಗೆ ಒಗ್ಗಿಸುವ ತಾಲೀಮು ನಡೆಯುವುದನ್ನು ಮೈಸೂರಿನವರು ಬಲ್ಲರು. ತೋಪಿನ ಗುಡುಗಿಗೆ ಒಗ್ಗಿದ ಪ್ರಾಣಿ ತಲೆಯ ಮೇಲೆ ಬಿಡದೆ ಗುಂಯ್‌ಗುಡುವ ಸದ್ದಿಗೂ ಒಗ್ಗಿರುವುದೆಂದು ಭಾವಿಸಲಾಗದು. ಕೀನ್ಯಾದಲ್ಲಿ ನಡೆದ ಸಂಶೋಧನೆಗಳಲ್ಲಿ ಕಾಡಾನೆಗಳು ಜೇನ್ನೊಣಗಳ ಮೊರೆತದ ಧ್ವನಿಮುದ್ರಣವನ್ನು ಕೇಳಿದೊಡನೆ ಜಾಗ ಬಿಟ್ಟು ಸರಿದುಹೋದುವು. ಟಾಂಜಾನಿಯಾದಲ್ಲಿ ಹೊಲಕ್ಕೆ ನುಗ್ಗಿದ ಆನೆಗಳನ್ನು ಹಿಂದಕ್ಕಟ್ಟಲು ವನರಕ್ಷಕರು ಡ್ರೋನುಗಳನ್ನೇ ಉಪಯೋಗಿಸಿ ಯಶಸ್ಸು ಪಡೆದಿದ್ದಾರೆ. ಅವು ಆಫ್ರಿಕದ ಆನೆಗಳೆಂಬುದು ನಿಜ. ಆದರೂ ಕಾಡಿನಲ್ಲಿ ಆನೆಯನ್ನು ಓಡಿಸಲು ಬಳಸುವ ಸಾಧನವನ್ನು ಸಯ್ಯಾಜಿರಾವ್ ರಸ್ತೆಯಲ್ಲಿ ಅಂಬಾರಿಯ ಆನೆಯ ಮೇಲೆ, ಪಾದಪಥದಲ್ಲಿ ಮಕ್ಕಳನ್ನು ಹೆಗಲಮೇಲೆ ಕೂರಿಸಿಕೊಂಡು ನಿಂತ ಜನರ ನಡುವೆ, ಯಾವನೋ ಒಬ್ಬ ತನ್ನ ಚಿತ್ರದ ಹಂಬಲಕ್ಕಾಗಿ ಪರೀಕ್ಷಿಸಿ ನೋಡುವುದು ಸರ್ವಥಾ ಸಲ್ಲದು.

ಈ ಅಪಾಯಗಳು ಕೇವಲ ಕಲ್ಪನೆಯವಲ್ಲವೆಂಬುದಕ್ಕೆ ಕಳೆದ ಒಂದು ದಶಕಕ್ಕೂ ಮೀರಿದ ಇತಿಹಾಸ ಸಾಕ್ಷಿಯಾಗಿದೆ. 2013ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಡ್ರೆಸ್ಡನ್ ನಗರದ ಚುನಾವಣಾ ಸಭೆಯಲ್ಲಿ ಒಂದು ಚಿಕ್ಕ ಡ್ರೋನು ಅಂದಿನ ಚಾನ್ಸೆಲರ್ ಅಂಗೆಲಾ ಮರ್ಕೆಲ್ ಅವರು ನಿಂತಿದ್ದ ವೇದಿಕೆಯ ಮುಂದೆಯೇ ಬಂದು ಬಿದ್ದಿತು. ಮರುವರ್ಷದ ಅಕ್ಟೋಬರ್ 14ರಂದು ಬೆಲ್‌ಗ್ರೇಡಿನಲ್ಲಿ ಸರ್ಬಿಯಾ ಮತ್ತು ಅಲ್ಬೇನಿಯಾ ತಂಡಗಳ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ ಧ್ವಜವೊಂದನ್ನು ತೂಗಿಸಿಕೊಂಡ ಡ್ರೋನು ಮೈದಾನದ ಮೇಲೆ ಹಾರಿ ಬಂದು, ಆಟಗಾರರ ನಡುವೆ ಹೊಡೆದಾಟ ಹತ್ತಿ, ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ, ಪಂದ್ಯವೇ ನಿಂತುಹೋಯಿತು. 2015ರ ಜೂನಿನಲ್ಲಿ ಅಮೆರಿಕದ ಸಿಯಾಟಲ್ ನಗರದ ಮೆರವಣಿಗೆಯೊಂದರಲ್ಲಿ ಕಟ್ಟಡಕ್ಕೆ ತಾಗಿದ ಡ್ರೋನು ಕೆಳಗಿದ್ದ ಮಹಿಳೆಯೊಬ್ಬರ ಮೇಲೆ ಬಿದ್ದು ಆಕೆ ಪ್ರಜ್ಞೆ ತಪ್ಪಿದರು. ಅದನ್ನು ಹಾರಿಸಿದವನಿಗೆ ಮುಂದೆ ನ್ಯಾಯಾಲಯವು 30 ದಿನಗಳ ಸೆರೆವಾಸ ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಟಲಿಯ ಮಡೋನಾ ದಿ ಕಂಪಿಲ್ಯೋದಲ್ಲಿ ಹಿಮಜಾರಾಟದ ಸ್ಪರ್ಧಿ ಮಾರ್ಸೆಲ್ ಹಿರ್ಷರ್ ಅವರ ಬೆನ್ನ ಹಿಂದೆ, ಕೂದಲೆಳೆಯ ಅಂತರದಲ್ಲಿ, ದೂರದರ್ಶನದ ಚಿತ್ರೀಕರಣಕ್ಕೆಂದು ಹಾರುತ್ತಿದ್ದ ಭಾರಿ ಡ್ರೋನು ಬಿದ್ದು ಚೂರಾಯಿತು. ಇವುಗಳಲ್ಲಿ ಯಾವುದರಲ್ಲಿಯೂ ಕೊಲ್ಲುವ ಉದ್ದೇಶವಿರಲಿಲ್ಲ. 2018ರ ಆಗಸ್ಟ್ 4ರಂದು ಕರಾಕಸ್ ನಗರದಲ್ಲಿ ಸೈನಿಕರ ಕವಾಯತಿನೆದುರು ವೆನೆಜುವೆಲಾದ ಅಧ್ಯಕ್ಷ ಮಡೂರೋ ಭಾಷಣ ಮಾಡುತ್ತಿದ್ದಾಗ ಸ್ಫೋಟಕ ಹೊತ್ತ ಡ್ರೋನುಗಳು ಸಿಡಿದ ಮೇಲೆ, ಆ ಉದ್ದೇಶವೂ ಸಂಭವನೀಯವೆಂಬುದನ್ನು ಲೋಕ ಅರಿಯಿತು. ನಮ್ಮ ದೇಶದಲ್ಲಿ 2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುಪಡೆಯ ನೆಲೆಯ ಮೇಲೆ ನಡೆದ ಡ್ರೋನ್ ದಾಳಿಯೂ ಅದನ್ನೇ ಹೇಳಿತು.

ಆಕಾಶವನ್ನು ಕೆಲಕಾಲ ಮುಚ್ಚುವ ಅಧಿಕಾರವಾದರೋ ಡ್ರೋನಿಗಿಂತ ಹಳೆಯದು. 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ವಿಮಾನಯಾನ ಒಪ್ಪಂದದ ಪ್ರಥಮ ವಿಧಿಯೇ ಪ್ರತಿ ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣ ಪ್ರಭುತ್ವವಿದೆಯೆಂದು ಸಾರುತ್ತದೆ. ಒಂಬತ್ತನೆಯ ವಿಧಿ ಅಸಾಧಾರಣ ಸಂದರ್ಭಗಳಲ್ಲಿ ಹಾರಾಟವನ್ನು ತಾತ್ಕಾಲಿಕವಾಗಿ ತಡೆಯುವ ಹಕ್ಕನ್ನು ರಾಷ್ಟ್ರಗಳಿಗೆ ಉಳಿಸಿಕೊಟ್ಟಿದೆ. ಚಾಲಕನಿಲ್ಲದ ವಿಮಾನವು ವಿಶೇಷಾನುಮತಿಯಿಲ್ಲದೆ ಪರರಾಷ್ಟ್ರದ ಮೇಲೆ ಹಾರತಕ್ಕದ್ದಲ್ಲವೆಂಬ ಎಂಟನೆಯ ವಿಧಿಯನ್ನು ಆ ಯುದ್ಧಕಾಲದಲ್ಲಿಯೇ ಬರೆದಿಟ್ಟವರ ದೂರದೃಷ್ಟಿಗೆ ನಾವು ತಲೆದೂಗಬೇಕು.

ಭಾರತದಲ್ಲಿ ಈಗ ಜಾರಿಯಲ್ಲಿರುವುದು 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು. ಅವು ದೇಶದ ಆಕಾಶವನ್ನು ಹಸುರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸುರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿ, ಎಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಿಸಲು ಮುಂಚಿತವಾದ ಅನುಮತಿ ಬೇಡ; ಹಳದಿಯಲ್ಲಿ ವಿಮಾನಸಂಚಾರ ನಿಯಂತ್ರಣಾಧಿಕಾರಿಗಳ ಒಪ್ಪಿಗೆ ಬೇಕು; ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಈ ವಲಯಗಳನ್ನು ತೋರಿಸುವ ನಕ್ಷೆ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯವಿದೆ. ನಮ್ಮ ಜಾತ್ರೆಗಳು ನಡೆಯುವ ಊರುಗಳಲ್ಲಿ ಹೆಚ್ಚಿನವು ಹಸುರು ಬಣ್ಣದಲ್ಲಿಯೇ ಇರುವುದರಿಂದ, ವರ್ಷದ ಬಹುದಿನ ಅಲ್ಲಿ ಹಾರಾಟಕ್ಕೆ ಯಾವ ಅಡ್ಡಿಯೂ ಇಲ್ಲ. ತಾತ್ಕಾಲಿಕ ನಿರ್ಬಂಧ ಪ್ರವೇಶಿಸುವುದು ಇಲ್ಲಿಯೇ. ತುರ್ತು ಅಗತ್ಯ ಕಂಡುಬಂದಲ್ಲಿ ರಾಜ್ಯ ಸರ್ಕಾರವಾಗಲಿ ಪೊಲೀಸರಂಥ ಕಾನೂನುಪಾಲನೆಯ ಸಂಸ್ಥೆಯಾಗಲಿ ಒಂದು ನಿರ್ದಿಷ್ಟ ಪ್ರದೇಶವನ್ನು ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಸಾರುವ ಅಧಿಕಾರಿ ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಾದವನಾಗಿರಬಾರದು. ಒಂದು ಸಲ ಸಾರಿದ ನಿರ್ಬಂಧ 96 ಗಂಟೆಗಳನ್ನು ಮೀರಬಾರದು. ಅದನ್ನು ಜಾಲತಾಣದ ಮೂಲಕ ಪ್ರಕಟಿಸಿ ನಕ್ಷೆಯ ಮೇಲೆ ಎದ್ದುಕಾಣುವಂತೆ ಗುರುತಿಸಬೇಕು. ವಲಯದ ವಿಸ್ತಾರವು ಯುಕ್ತವಾಗಿರುವಂತೆ, ಮಿತಿಮೀರದಂತೆ ಆ ಅಧಿಕಾರಿ ನೋಡಿಕೊಳ್ಳಬೇಕು. ಹಾರಿಸುವವನಿಗೂ ಕರ್ತವ್ಯವಿದೆ: ಹಾರಾಟಕ್ಕೆ ಮುನ್ನ ಆ ಪ್ರದೇಶಕ್ಕೆ ಸಂಬಂಧಿಸಿದ ಪ್ರಕಟಣೆಯೇನಾದರೂ ಇದೆಯೇ ಎಂದು ಅವನು ಕಡ್ಡಾಯವಾಗಿ ನೋಡತಕ್ಕದ್ದು. ನಿಯಮ ಮೀರಿದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ತನ್ನದು 250 ಗ್ರಾಮಿಗೂ ಕಡಿಮೆ ತೂಕದ ಪುಟ್ಟ ಯಂತ್ರ, ಅದಕ್ಕೆ ಲೈಸೆನ್ಸೇ ಬೇಕಿಲ್ಲ ಎಂದು ವಾದಿಸುವ ತರುಣರುಂಟು. ಚಾಲಕನ ಪ್ರಮಾಣಪತ್ರದ ವಿಷಯದಲ್ಲಿ ಆ ಮಾತು ಸರಿ. ಆದರೆ ಕೆಂಪು ವಲಯದ ಗೆರೆ ತೂಕವನ್ನು ನೋಡಿ ಬಾಗುವುದಿಲ್ಲ.

ಈ ನಿಯಮದ ರಚನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದರ ಮಿತವ್ಯಯ. ಯಾರನ್ನು, ಎಲ್ಲಿ, ಎಷ್ಟು ಹೊತ್ತು ತಡೆಯಬೇಕೋ ಅಷ್ಟನ್ನೇ ತಡೆದು ಉಳಿದುದನ್ನು ಬಿಟ್ಟುಬಿಡುವ ವಿವೇಕ ಅದರ ಅಕ್ಷರಗಳಲ್ಲಿದೆ. ಅಮೆರಿಕದಲ್ಲಿ ಇದೇ ವಿವೇಕವನ್ನು ಇನ್ನೂ ಖಚಿತವಾದ ಅಳತೆಗಳಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿ 30,000 ಅಥವಾ ಅದಕ್ಕಿಂತ ಹೆಚ್ಚು ಜನ ಕೂರಬಲ್ಲ ಕ್ರೀಡಾಂಗಣದಲ್ಲಿ ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮುಂತಾದ ಪ್ರಧಾನ ಲೀಗುಗಳ ಪಂದ್ಯ ನಡೆಯುವಾಗ, ಮೈದಾನದ ಸುತ್ತ ಮೂರು ನಾಟಿಕಲ್ ಮೈಲಿ ಫಾಸಲೆಯಲ್ಲಿ, ನೆಲದಿಂದ 3,000 ಅಡಿ ಎತ್ತರದವರೆಗೆ, ಪಂದ್ಯಕ್ಕೆ ಒಂದು ಗಂಟೆ ಮೊದಲಿನಿಂದ ಪಂದ್ಯ ಮುಗಿದ ಒಂದು ಗಂಟೆಯ ತನಕ ಅನುಮತಿಯಿಲ್ಲದ ಹಾರಾಟ ನಿಷಿದ್ಧ. ಪ್ರತಿ ಪಂದ್ಯಕ್ಕೂ ಹೊಸ ಆಜ್ಞೆ ಬೇಕಾಗಿಲ್ಲ. ಪಂದ್ಯದ ವೇಳೆ ತಿಳಿದವನಿಗೆ ನಿಷೇಧದ ವೇಳೆಯೂ ತಿಳಿದಂತೆಯೇ. ಇಷ್ಟಿದ್ದರೂ 2024ರ ಜನವರಿಯಲ್ಲಿ ಬಾಲ್ಟಿಮೋರ್ ನಗರದ ಮಹತ್ತ್ವದ ಫುಟ್‌ಬಾಲ್ ಪಂದ್ಯವನ್ನು ಡ್ರೋನಿನ ದೆಸೆಯಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದೇ ವರ್ಷದ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸ್ ಸೀನ್ ನದಿಯ ಮೇಲೆ ಉದ್ಘಾಟನೆಗೊಂಡ ಸಂಜೆ ನಗರದ ಸುತ್ತ 150 ಕಿಲೋಮೀಟರ್ ಪರ್ಯಂತ ಆಕಾಶವನ್ನು ಮುಚ್ಚಿದ್ದರು; ಆದರೆ ಅದು ಜಗತ್ತಿನ ನಾಯಕರು ನದೀತೀರದಲ್ಲಿ ಬಯಲಿಗೆ ಕುಳಿತ ಸಂದರ್ಭ, ತಾಲ್ಲೂಕಿನ ಜಾತ್ರೆಗೆ ಮಾದರಿಯಾಗತಕ್ಕದ್ದಲ್ಲ.

ಮುಚ್ಚಿದ ಆಕಾಶವನ್ನು ಕಾಯುವವರು ಯಾರು, ಹೇಗೆ ಎಂದು ಓದುಗರು ಕೇಳಬಹುದು. ಈ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ಹಿರಿದು. ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯ ಪ್ರಯೋಗಾಲಯಗಳು, ಅವುಗಳಲ್ಲಿ ಬೆಂಗಳೂರಿನ ರೇಡಾರ್ ಸಂಶೋಧನಾಲಯವೂ ಒಂದು, ಕೂಡಿ ರೂಪಿಸಿದ ಡ್ರೋನ್ ನಿರೋಧಕ ವ್ಯವಸ್ಥೆಯನ್ನು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ, ಅದೇ ವರ್ಷ ಅಹಮದಾಬಾದಿನಲ್ಲಿ ಅಮೆರಿಕದ ಅಧ್ಯಕ್ಷರ ಮೆರವಣಿಗೆಯಲ್ಲಿ, ಅನಂತರ ಕೆಂಪುಕೋಟೆಯ ಸ್ವಾತಂತ್ರ್ಯೋತ್ಸವದಲ್ಲಿ ನಿಯೋಜಿಸಿದ್ದರು. ಅದನ್ನು ತಯಾರಿಸುವ ಹೊಣೆ ಹೊತ್ತದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತ್ ಎಲೆಕ್ಟ್ರಾನಿಕ್ಸ್. ರೇಡಾರು ನಾಲ್ಕು ಕಿಲೋಮೀಟರ್ ದೂರದ ಸಣ್ಣ ಡ್ರೋನನ್ನೂ ಪತ್ತೆಹಚ್ಚುವುದು. ರಿಮೋಟಿನ ಸಂಕೇತವನ್ನು ಇನ್ನೊಂದು ಯಂತ್ರ ಆಲಿಸುವುದು. ಕ್ಯಾಮೆರಾ ಅದನ್ನು ಗುರುತಿಸುವುದು. ಬಳಿಕ ಸಂಪರ್ಕವನ್ನೂ ಉಪಗ್ರಹದ ಮಾರ್ಗದರ್ಶನವನ್ನೂ ಕಡಿಯುವ ಜ್ಯಾಮರು, ಅದಕ್ಕೂ ಬಗ್ಗದಿದ್ದರೆ ಸುಟ್ಟು ಕೆಡಹುವ ಲೇಸರು.

ಗಡಿಯಲ್ಲಿ ಈ ಆಯುಧಗಳು ಸಾರ್ಥಕ. ಜಾತ್ರೆಯ ಮೇಲೆ ಅವುಗಳ ಪ್ರಯೋಗ ಎಷ್ಟು ಕಷ್ಟವೆಂಬುದನ್ನು ಬಂದೋಬಸ್ತಿನ ಅಧಿಕಾರಿಗಳು ಬಲ್ಲರು. ಸಂಪರ್ಕ ಕಡಿದ ಯಂತ್ರ ಒಂದೋ ಹೊರಟಲ್ಲಿಗೆ ಮರಳೀತು, ಇಲ್ಲವೇ ಇದ್ದಲ್ಲೇ ಇಳಿದೀತು, ಇಲ್ಲವೇ ದಿಕ್ಕುಗೆಟ್ಟು ಅಲೆದೀತು; ಹೊಡೆದುರುಳಿಸಿದ ಯಂತ್ರವಂತೂ ಕೆಳಗಿರುವವರ ಮೇಲೆಯೇ ಬೀಳಬೇಕು. ಜ್ಯಾಮರಿನ ತರಂಗಗಳು ಅಕ್ಕಪಕ್ಕದ ವೈಫೈಯನ್ನೂ ಪೊಲೀಸರದೇ ಡ್ರೋನುಗಳನ್ನೂ ಬಾಧಿಸುವ ಸಂಭವವುಂಟು. ಆದುದರಿಂದ ಹಾರಿದ ಮೇಲೆ ಬೀಳಿಸುವ ಉಪಾಯ ಎಷ್ಟೇ ಪ್ರಬಲವಾಗಿರಲಿ, ಹಾರದಂತೆ ಮುಂಚೆಯೇ ತಿಳಿಸುವ ಉಪಾಯಕ್ಕಿಂತ ಅದು ಕೆಳಮಟ್ಟದ್ದು. ದುರುದ್ದೇಶದಿಂದ ಬಂದವನನ್ನು ಪ್ರಕಟಣೆ ತಡೆಯಲಾರದೆಂಬ ಆಕ್ಷೇಪಣೆಗೂ ಇಲ್ಲಿಯೇ ಸಮಾಧಾನವಿದೆ. ಅರಿಯದೆ ಹಾರಿಸುವ ನೂರು ಮಂದಿ ಪ್ರಕಟಣೆಯನ್ನು ಕಂಡು ಹಿಂದೆ ಸರಿದರೆ, ಬಾನಿನಲ್ಲಿ ಉಳಿದ ಒಂದೇ ಯಂತ್ರವನ್ನು ಸಂಶಯದಿಂದ ನೋಡಲು ಕಾಯುವವರಿಗೆ ಅವಕಾಶವಾಗುವುದು. ಎಲ್ಲರೂ ಹಾರಿಸುತ್ತಿರುವಾಗ ಕಳ್ಳನಾರು ಸಭ್ಯನಾರು ಎಂದು ರೇಡಾರು ಹೇಳಲಾರದು.

ಯಲಹಂಕದ ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಪಾಲಿಕೆ ಹೊರಡಿಸುವ ಆಜ್ಞೆಯೊಂದು ಇಲ್ಲಿ ನೆನಪಾಗುತ್ತದೆ. 2025ರ ಪ್ರದರ್ಶನಕ್ಕೆ ಮುನ್ನ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಪ್ರದೇಶದಲ್ಲಿ ಕೆಲವು ವಾರ ಮಾಂಸದಂಗಡಿಗಳನ್ನು ಮುಚ್ಚಿಸಿದರು. ಬಯಲಿಗೆ ಚೆಲ್ಲಿದ ಮಾಂಸದ ಚೂರುಗಳಿಗೆ ಹದ್ದುಗಳು ಎರಗುತ್ತವೆ, ಹದ್ದು ತಾಗಿದರೆ ಯುದ್ಧವಿಮಾನವೂ ಅಪಾಯಕ್ಕೀಡಾಗುತ್ತದೆ ಎಂಬುದು ಅದರ ಹಿಂದಣ ತರ್ಕ. ಒಂದು ಕಿಲೋ ತೂಗದ ಹಕ್ಕಿಯ ವಿಷಯದಲ್ಲಿ ಇಷ್ಟು ಜಾಗರೂಕತೆ ಅಗತ್ಯವಾದರೆ ಲೋಹದ ಮೋಟಾರುಗಳುಳ್ಳ ಡ್ರೋನಿನ ವಿಷಯದಲ್ಲಿ ಎಷ್ಟು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಆ ಅಂಗಡಿಯವರ ವಾರಗಳ ದುಡಿಮೆ ಹೋದದ್ದೂ ಸುಳ್ಳಲ್ಲ. ಯಾವ ತಾತ್ಕಾಲಿಕ ನಿಷೇಧವಾದರೂ ಯಾರೋ ಒಬ್ಬರ ಅನ್ನದಿಂದ ಅಷ್ಟಿಷ್ಟು ಕಿತ್ತುಕೊಳ್ಳುತ್ತದೆ. ಅದನ್ನು ಮರೆತು ಆಜ್ಞೆ ಹೊರಡಿಸುವವರ ಮೇಲೆ ನನಗೆ ಗೌರವವಿಲ್ಲ.

ನಿರ್ಬಂಧವೆಂದರೆ ಆಕಾಶ ಬರಿದಾಗಬೇಕೆಂದೇನೂ ಅಲ್ಲ. ಜನದಟ್ಟಣೆಯನ್ನು ಗಮನಿಸಲು ಪೊಲೀಸರೇ ಡ್ರೋನುಗಳನ್ನು ಬಳಸುತ್ತಾರೆ. 2025ರ ಪ್ರಯಾಗದ ಮಹಾಕುಂಭದಲ್ಲಿ ನೆಲಕ್ಕೆ ತಂತಿಯಿಂದ ಬಿಗಿದು, ಆ ತಂತಿಯ ಮೂಲಕವೇ ವಿದ್ಯುತ್ತು ಪಡೆದು ಬಹುಕಾಲ ನಿಲ್ಲಬಲ್ಲ ಡ್ರೋನುಗಳನ್ನೂ ಏರಿಸಿದ್ದರು. ಬನ್ನಿಮಂಟಪದ ಪಂಜಿನ ಕವಾಯತಿನ ಮೈದಾನದಲ್ಲಿ 2024ರ ದಸರೆಯಲ್ಲಿ 1,500 ಡ್ರೋನುಗಳು, ಮರುವರ್ಷ ಅದರ ಎರಡರಷ್ಟು, ಬೆಳಕಿನ ಚಿತ್ತಾರ ಬರೆದುವು. ಇಂಥ ಪ್ರದರ್ಶನಗಳಲ್ಲಿ ಪ್ರತಿ ಯಂತ್ರದ ಪಥವೂ ಮುಂಚೆಯೇ ಲಿಖಿತವಾಗಿರುತ್ತದೆ. ಪ್ರೇಕ್ಷಕರು ಕೂರುವ ಜಾಗಕ್ಕೂ ಯಂತ್ರಗಳು ಹಾರುವ ಜಾಗಕ್ಕೂ ನಡುವೆ ಅಂತರ ಬಿಟ್ಟಿರಬೇಕು. ಆ ಅಂತರವೇ ಪ್ರಾಣರಕ್ಷೆ. 2024ರ ಡಿಸೆಂಬರ್ 21ರಂದು ಅಮೆರಿಕದ ಒರ್ಲಾಂಡೋ ನಗರದ ಸರೋವರದ ದಂಡೆಯಲ್ಲಿ ನಡೆದ ಪ್ರದರ್ಶನದಲ್ಲಿ ಡ್ರೋನುಗಳು ಒಂದಕ್ಕೊಂದು ತಾಗಿ, ಒಂದು ಯಂತ್ರ ಜನರತ್ತ ನುಗ್ಗಿ, ಏಳು ವರ್ಷದ ಬಾಲಕನೊಬ್ಬ ತೀವ್ರವಾಗಿ ಗಾಯಗೊಂಡ. ಅದನ್ನು ನಡೆಸುತ್ತಿದ್ದವರು ಅನುಮತಿ ಪಡೆದವರೇ ಆಗಿದ್ದರು. ನುರಿತವರ ಕೈಯಲ್ಲಿಯೂ ಹೀಗಾಗಬಹುದಾದರೆ ಗುಂಪಿನ ನಡುವೆ ನಿಂತು, ಹಿಂದಿನವರು ತಳ್ಳುತ್ತಿರುವಾಗ ರಿಮೋಟ್ ಹಿಡಿದವನ ಪಾಡೇನು?

ಇಷ್ಟನ್ನು ನಿರ್ಬಂಧದ ಪರವಾಗಿ ಹೇಳಿದ ಮೇಲೆ, ಅದರ ದುರುಪಯೋಗವನ್ನು ಕುರಿತು ಮೌನವಾಗಿದ್ದರೆ ಲೇಖನ ಅಪ್ರಾಮಾಣಿಕವಾಗುವುದು. 2014ರ ಆಗಸ್ಟಿನಲ್ಲಿ ಅಮೆರಿಕದ ಫರ್ಗ್ಯುಸನ್ ಪಟ್ಟಣದಲ್ಲಿ ಪೊಲೀಸರ ಗುಂಡಿಗೆ ಕರಿಯ ಜನಾಂಗದ ತರುಣನೊಬ್ಬ ಬಲಿಯಾದ ಮೇಲೆ ಪ್ರತಿಭಟನೆಗಳು ಭುಗಿಲೆದ್ದಾಗ, ಸುಮಾರು 37 ಚದರ ಮೈಲಿಗಳ ಆಕಾಶವನ್ನು ಸುರಕ್ಷತೆಯ ನೆಪದಿಂದ 12 ದಿನ ಮುಚ್ಚಿದ್ದರು. ಸುದ್ದಿಸಂಸ್ಥೆಯ ಹೆಲಿಕಾಪ್ಟರುಗಳನ್ನು ದೂರವಿಡುವುದೇ ಆ ಕೋರಿಕೆಯ ಉದ್ದೇಶವಾಗಿತ್ತೆಂಬುದನ್ನು ಅಧಿಕಾರಿಗಳ ದೂರವಾಣಿ ಸಂಭಾಷಣೆಯ ಧ್ವನಿಮುದ್ರಣಗಳನ್ನು ಪಡೆದ ಅಸೋಸಿಯೇಟೆಡ್ ಪ್ರೆಸ್ ಆಮೇಲೆ ಬಯಲಿಗೆಳೆಯಿತು. ಉತ್ಸವದ ಜನರೂ ಪ್ರತಿಭಟನೆಯ ಜನರೂ ಜನರೇ. ಇಬ್ಬರ ತಲೆಗೂ ಒಂದೇ ರಕ್ಷೆ ಸಲ್ಲಬೇಕು. ಆದರೆ ರಕ್ಷೆಯ ಹೆಸರಿನಲ್ಲಿ ಸಾಕ್ಷಿಯ ಕಣ್ಣನ್ನು ಮುಚ್ಚುವುದು ಅನ್ಯಾಯ. ನೆಲದಲ್ಲಿ ನಿಂತ ಕ್ಯಾಮೆರಾಗಳಿಗೆ ಅಡ್ಡಿಯಿಲ್ಲದಂತೆ, ಗುಂಪಿನ ನೇರ ಮೇಲ್ಭಾಗವನ್ನು ಬಿಟ್ಟು ಅಂಚಿನಿಂದ ಪತ್ರಕರ್ತರು ಚಿತ್ರ ತೆಗೆಯಲು ಎಡೆಯಿರುವಂತೆ ವಲಯದ ಗೆರೆಯನ್ನು ಎಳೆಯುವುದು ಅಸಾಧ್ಯವೇನಲ್ಲ.

ನಮ್ಮಲ್ಲಿಯೂ ಡ್ರೋನ್ ನಿಯಮಗಳು ವಿಧಿಸಿದ ಮಿತಿಗಳ ಹೊರಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ವಿಧಿಯನ್ನು ಹಿಡಿದು ಇಡೀ ನಗರಕ್ಕೋ ಜಿಲ್ಲೆಗೋ ಅನ್ವಯಿಸುವಂತೆ ವಾರಗಟ್ಟಲೆ ನಿಷೇಧಾಜ್ಞೆ ಹೊರಡಿಸುವ ರೂಢಿ ಉಂಟು. ಕೆಲವು ಸಂದರ್ಭಗಳಲ್ಲಿ ಅದು ಅನಿವಾರ್ಯವಿರಬಹುದು. ಆದರೆ ಅಂಥ ಆಜ್ಞೆಯ ಸುದ್ದಿ ನಕ್ಷೆಯ ಮೇಲೆ ಕಾಣಿಸದಿದ್ದರೆ, ನಕ್ಷೆಯನ್ನು ನೋಡಿ ಹಸುರೆಂದು ನಂಬಿ ಮದುವೆಯ ದಿಬ್ಬಣದ ಚಿತ್ರ ತೆಗೆಯಲು ಹೊರಟ ಹಳ್ಳಿಯ ಸ್ಟುಡಿಯೋ ಹುಡುಗನಿಗೆ ಅದು ಗೊತ್ತಾಗುವುದು ಠಾಣೆಯ ಮೇಜಿನ ಮೇಲೆ ತನ್ನ ಡ್ರೋನನ್ನು ಕಂಡಾಗಲೇ. ಸಾಲ ಮಾಡಿ ಕೊಂಡ ಯಂತ್ರ ಅದು. ನಿಯಮ ಪಾಲಿಸಿದವನಿಗೇ ಶಿಕ್ಷೆಯಾದರೆ ಮುಂದಿನ ಸಲ ಅವನು ನಕ್ಷೆಯನ್ನು ನೋಡುವ ಗೋಜಿಗೇ ಹೋಗಲಾರ. ಆಗ ನಷ್ಟವಾಗುವುದು ಜನರ ಸುರಕ್ಷತೆಗೇ. ಗೆರೆ ಚಿಕ್ಕದಾಗಿದ್ದಷ್ಟೂ, ವೇಳೆ ಖಚಿತವಾಗಿದ್ದಷ್ಟೂ, ಸುದ್ದಿ ಬೇಗ ತಲಪಿದಷ್ಟೂ ನಿರ್ಬಂಧಕ್ಕೆ ವಿಧೇಯತೆ ಹೆಚ್ಚುವುದೆಂಬುದು ನನ್ನ ದೃಢವಾದ ನಂಬಿಕೆ.

ಇದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ. ನಮ್ಮ ಜಾತ್ರೆಗಳ ದಿನ ಪಂಚಾಂಗದಲ್ಲಿ ವರ್ಷದ ಮುಂಚೆಯೇ ನಿಗದಿಯಾಗಿರುತ್ತದೆ. ತೇರು ಎಳೆಯುವ ಹೊತ್ತು, ಬೀದಿ, ಬಯಲು ಎಲ್ಲವೂ ತಲೆತಲಾಂತರದಿಂದ ಗೊತ್ತಿರುವಂಥವು. ಆದ್ದರಿಂದ ದೇವಸ್ಥಾನದ ಆಡಳಿತ ಮಂಡಳಿಗಳಲ್ಲಿ, ಜಾತ್ರಾ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟು: ಜಾತ್ರೆಗೆ ಒಂದು ತಿಂಗಳಿರುವಾಗಲೇ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅರ್ಜಿ ಬರೆದು, ರಥಬೀದಿಯ ಮೇಲೆ ರಥೋತ್ಸವದ ಹೊತ್ತಿಗಷ್ಟೇ ತಾತ್ಕಾಲಿಕ ಕೆಂಪು ವಲಯ ಸಾರುವಂತೆ ಕೇಳಿರಿ, ಊರಿನ ಛಾಯಾಗ್ರಾಹಕರಲ್ಲಿ ಪ್ರಮಾಣಪತ್ರವುಳ್ಳ ಒಬ್ಬರಿಗೆ ಜನರಿಂದ ದೂರವಾದ ಸ್ಥಳದಿಂದ ಚಿತ್ರ ತೆಗೆಯಲು ಅನುಮತಿ ಕೊಡಿಸಿ, ಆ ಚಿತ್ರಗಳು ಎಲ್ಲರಿಗೂ ಸಿಗುವಂತೆ ಏರ್ಪಡಿಸಿರಿ, ಮತ್ತು ಧಾರ್ಮಿಕ ಕಾರ್ಯಕ್ರಮಗಳ ವಿವರವನ್ನೂ ಅನ್ನಸಂತರ್ಪಣೆಯ ವೇಳೆಯನ್ನೂ ಅಚ್ಚುಮಾಡಿಸಿ ಮನೆಮನೆಗೆ ಹಂಚುವ ಆಮಂತ್ರಣ ಪತ್ರಿಕೆಯಲ್ಲಿ, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಯಾವ ಬೀದಿಯ ಮೇಲೆ ಡ್ರೋನ್ ಹಾರಿಸುವಂತಿಲ್ಲವೆಂಬ ಒಂದು ಸಾಲನ್ನು ದಪ್ಪಕ್ಷರದಲ್ಲಿ ಸೇರಿಸಿರಿ.